ಎರಡಿಂಚು ವೈರು

ಫೆಬ್ರವರಿ 24, ಮಂಗಳವಾರ

ಭಾವನಿಗೆ ಬಂದಿದೆ ಹೊಸ ಹುಚ್ಚು,
ಲಾರಿಯ ಒಳಗೂ ಸದ್ದು ಹೆಚ್ಚು.

ಇಂದಿನ ಪ್ರಾಸ ಇದು. ಬೆಳಿಗ್ಗೆ ನಾನು ಶೆಡ್ಡಿನ ಬೀಗ ತೆಗೆಯುವ ಮೊದಲೇ ಭಾವ ಲಾರಿ ತಂದು ನಿಲ್ಲಿಸಿದ್ದರು. ತೊಡೆಯ ಮೇಲೆ ರಟ್ಟಿನ ಡಬ್ಬ, ಮುಖದಲ್ಲಿ ಮದುವೆ ಗಂಡಿನ ಕಳೆ. ಡಬ್ಬದೊಳಗೆ ಆಂಪ್ಲಿಫೈಯರ್. ಎರಡು ಇಟ್ಟಿಗೆಯ ತೂಕ, ಮೈತುಂಬ ಅಲ್ಯೂಮಿನಿಯಂ ಪಕ್ಕೆಲುಬು.

"ಏನೋ ಕವಿ, ಇದನ್ನ ಹಾಕ್ಕೊಡು. ಪಕ್ಕದ ಲಾರಿಯವನಿಗೂ ಹಾಡು ಕೇಳ್ಬೇಕು."

"ಪಕ್ಕದ ಲಾರಿಯವನು ಅಂಥ ಪಾಪ ಏನು ಮಾಡಿದ್ದಾನೆ ಭಾವ?"

"ನಿನ್ನ ಪದ್ಯ ಕೇಳೋದಕ್ಕಿಂತ ವಾಸಿ ಬಿಡು."

ಬಿ.ಎ. ಓದಿ ಲಾರಿಗಳಿಗೆ ಬಲ್ಬು ಹಾಕುವವನನ್ನು ಕವಿ ಎಂದು ಕರೆಯುವುದು ಅವರ ಇಪ್ಪತ್ತು ವರ್ಷದ ತಮಾಷೆ. ಕಾಲೇಜಿನಲ್ಲಿ ಲಘು ಗುರು ಹಾಕುತ್ತಿದ್ದ ಕೈ ಈಗ ಪ್ಲಸ್ಸು ಮೈನಸ್ಸು ಹಾಕುತ್ತದೆ. ಎರಡರಲ್ಲೂ ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. ಪದ್ಯದಲ್ಲಿ ಹೊಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಂಪ್ ತರಿಸಿದ್ದು ನಿಜವಾಗಿ ಅಕ್ಕ. ಮಕ್ಕಳಿಲ್ಲದ ಮನೆ, ದಾರಿ ಕಾಯುವವರೂ ಯಾರೂ ಇಲ್ಲ ಎಂದು ಹೋದ ವರ್ಷದವರೆಗೆ ಅವಳೂ ಲಾರಿಯಲ್ಲೇ ಹೋಗುತ್ತಿದ್ದಳು. ಎಡಗಡೆ ಸೀಟು ಅವಳದು. ಭಾವನ ಕಣ್ಣು ಮುಚ್ಚದಂತೆ ದಾರಿಯುದ್ದ ಮಾತಾಡುವುದು ಅವಳ ಕೆಲಸ. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗುತ್ತಾಳೆ. "ಪಕ್ಕದಲ್ಲಿ ಕೂತು ಬಯ್ಯೋಕೆ ನಂಗಾಗಲ್ಲ. ಹಾಡಾದ್ರೂ ಜೋರಾಗಿ ಬಯ್ಲಿ" ಎಂದಳಂತೆ.

ಲಾರಿಯ ಹಿಂದೆ ನಾನು ಬರೆದುಕೊಟ್ಟ ಸಾಲು ಮಾಸಿದೆ. ಹೊಸ ಬಣ್ಣ ಹೊಡೆಸಬೇಕು.

ಮೆಲ್ಲಗೆ ಹೋದರೂ ಮನೆ ಸೇರ್ತೀನಿ
ತಡವಾಗಿ ಹೋದರೆ ಬೈಗುಳ ಹೀರ್ತೀನಿ

ಇದನ್ನು ಮೊದಲ ಸಲ ಓದಿದಾಗ ಅಕ್ಕ, "ಎರಡನೇ ಸಾಲು ಮಾತ್ರ ನಿಜ" ಎಂದಿದ್ದಳು.

ಫೆಬ್ರವರಿ 26, ಗುರುವಾರ

ನೀಲಿ ವೈರಿಗೆ ಉಸಿರೇ ಇಲ್ಲ,
ಭಾವನಿಗಂತೂ ಪುರುಸೊತ್ತಿಲ್ಲ.

ಮಧ್ಯಾಹ್ನವಿಡೀ ಸೀಟಿನ ಕೆಳಗೆ ತಲೆ ಹಾಕಿಕೊಂಡಿದ್ದೆ. ಲಾರಿಯದು ಎರಡು ಬ್ಯಾಟರಿ ಸೇರಿ ಇಪ್ಪತ್ನಾಲ್ಕು ವೋಲ್ಟು. ಆಂಪಿಗೆ ಹನ್ನೆರಡೇ ಸಾಕು, ಹಾಗಾಗಿ ದಪ್ಪ ಕೆಂಪು ವೈರನ್ನು ಒಂದೇ ಬ್ಯಾಟರಿಯಿಂದ ಎಳೆದೆ. ದಪ್ಪ ಕಪ್ಪನ್ನು ಲಾರಿಯ ಕಬ್ಬಿಣಕ್ಕೆ ಕೊಟ್ಟೆ. ಉಳಿದದ್ದು ದಾರದಷ್ಟು ತೆಳ್ಳಗಿನ ನೀಲಿ. ಕೆಂಪು ಊಟ ಹಾಕುವ ವೈರಾದರೆ ಇದು ಎಬ್ಬಿಸುವ ವೈರು. ಹಾಡಿನ ಸೆಟ್ ಹಾಕಿದಾಗ ಇದರಲ್ಲಿ ಕರೆಂಟು ಬಂದು ಆಂಪ್ ಏಳಬೇಕು, ಸೆಟ್ ಆರಿಸಿದಾಗ ಮಲಗಬೇಕು.

ಭಾವನ ಸೆಟ್ಟು ನಮ್ಮ ಕಾಲದ್ದು. ಅದರ ಹಿಂದಿನ ನೀಲಿ ಎಂದೋ ಸತ್ತಿದೆ. ಬೇರೆ ದಾರಿ ಇದೆ: ಡ್ಯಾಶ್‌ಬೋರ್ಡಿನ ಹಿಂದೆ ಇಪ್ಪತ್ನಾಲ್ಕನ್ನು ಹನ್ನೆರಡಕ್ಕೆ ಇಳಿಸುವ ಡಬ್ಬಿ ಕೀಲಿ ತಿರುಗಿಸಿದರೆ ಮಾತ್ರ ಏಳುತ್ತದೆ, ಅದರಿಂದ ಒಂದು ಎಳೆ ತರಬೇಕು. ಡ್ಯಾಶ್ ಬಿಚ್ಚಿ ಹಾಕಲು ನಲವತ್ತು ನಿಮಿಷ. ಅಷ್ಟರಲ್ಲಿ ಲೋಡಿನವರು ಮೂರು ಸಲ ಫೋನ್ ಮಾಡಿದ್ದರು. ಆಂಪ್ ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂದು ಎರಡಿಂಚು ತುಂಡು ವೈರು ಕತ್ತರಿಸಿ, ಕೆಂಪು ಬಂದು ಸೇರುವ ತಿರುಪಿನಿಂದ ನೀಲಿಯ ತಿರುಪಿಗೆ ನೇರ ಕೊಟ್ಟೆ. ಆಂಪಿನ ಕೆಂಪು ದೀಪ ಹತ್ತಿತು. ಹಾಡು ಬಂತು. ಶೆಡ್ಡಿನ ತಗಡು ನಡುಗಿತು. ಭಾವ ಸ್ಟೇರಿಂಗ್ ಹಿಡಿದು ಕೂತಲ್ಲೇ ಕುಣಿದರು.

"ಸಾಕು ಬಿಡೋ, ಹಾಡ್ತಿದೆಯಲ್ಲ!"

"ಇನ್ನೂ ಮುಗಿದಿಲ್ಲ ಭಾವ. ಇದು ತಾತ್ಕಾಲಿಕ."

"ನಾನೂ ತಾತ್ಕಾಲಿಕ, ನೀನೂ ತಾತ್ಕಾಲಿಕ. ಬಂದ್ಮೇಲೆ ಮಾಡು. ಸೀಟು ಮುಚ್ಚು."

ಮುಚ್ಚಿದೆ. ಬಂದ ಮೇಲೆ ಸರಿಮಾಡಬೇಕು. ಮರೆಯದಿರಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ 3, ಮಂಗಳವಾರ

ಅಕ್ಕ ಹೋದಳು. ನಿನ್ನೆ ಮಧ್ಯಾಹ್ನ ಮೂರೂ ಮುಕ್ಕಾಲಿಗೆ.

ಭಾವ ಬಂದದ್ದು ಸಂಜೆ ಏಳಕ್ಕೆ.

ಮಾರ್ಚ್ 7, ಶನಿವಾರ

ಎಲ್ಲ ಮುಗಿಯಿತು. ಬಂದವರು ಹೋದರು. ಮನೆಯಲ್ಲಿ ಕುರ್ಚಿಗಳು ಮಾತ್ರ ಗುಂಪಾಗಿ ಕೂತಿವೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬರ್ಬೇಕಾದೋರು ಯಾರಾದ್ರೂ ಇದ್ರೆ ಬರ್ಲಿ" ಎಂದರು. ಯಂತ್ರಕ್ಕೆಂದು ಹೋಗಿ ಆಸ್ಪತ್ರೆಯಲ್ಲೇ ಉಳಿದ ಅಕ್ಕ ಭಾನುವಾರ ಸಂಜೆಯವರೆಗೆ ನರ್ಸುಗಳ ಜೊತೆ ನಗಾಡುತ್ತಿದ್ದಳು. ಭಾವನಿಗೆ ಫೋನ್ ಮಾಡಿದೆ. ಅವರು ಶುಕ್ರವಾರ ಮಧ್ಯಾಹ್ನದಿಂದ ಊರಾಚೆಯ ಗೋಡೌನೊಂದರ ಮುಂದೆ ಲೋಡ್ ಇಳಿಸಲು ಸರದಿಯಲ್ಲಿದ್ದರು. ಲೋಡು ಇಳಿದದ್ದು ಭಾನುವಾರ ಸಂಜೆ, ಆ ರಾತ್ರಿಯೂ ಲಾರಿಯಲ್ಲೇ ಮಲಗಿದ್ದರು. "ಈಗ್ಲೇ ಹೊರಟೆ" ಎಂದರು. ಆರು ಗಂಟೆಯ ದಾರಿ. ಎರಡಕ್ಕೆ ಬರುತ್ತಾರೆ ಎಂದು ಅಕ್ಕನಿಗೆ ಹೇಳಿದೆ.

ಒಂಬತ್ತಕ್ಕೆ ಹೊರಗೆ ಬಂದು ಮತ್ತೆ ಫೋನ್ ಮಾಡಿದೆ. ಲಾರಿ ಸ್ಟಾರ್ಟ್ ಆಗುತ್ತಿಲ್ಲ. "ಇನ್ನೇನು ಆಗುತ್ತೆ ಕಣೋ, ಯಾರೋ ಬ್ಯಾಟರಿ ತರ್ತಿದ್ದಾರೆ." ಒಳಗೆ ಹೋದೆ. ಅಕ್ಕ ಮೂಗಿನ ಮಾಸ್ಕನ್ನು ಎರಡು ಬೆರಳಲ್ಲಿ ಎತ್ತಿ, "ಎಲ್ಲಿದಾರಂತೆ?" ಎಂದಳು.

"ಸೇತುವೆ ದಾಟಿದ್ರಂತೆ ಅಕ್ಕ."

ಅಲ್ಲಿಂದ ಶುರುವಾಯಿತು. ಆ ದಾರಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಗಂಟೆ ಬಿಟ್ಟು ಟೋಲ್ ದಾಟಿದರು ಎಂದೆ. "ಸೇತುವೆಯಿಂದ ಟೋಲಿಗೆ ಇಷ್ಟು ಹೊತ್ತಾ? ನಿನ್ನ ಪ್ರಾಸಕ್ಕಿಂತ ನಿಧಾನ ಆಯ್ತಲ್ಲೋ" ಎಂದಳು. ಆಮೇಲೆ ಏರು, ಆಮೇಲೆ ಎರಡನೇ ಟೋಲು, ಆಮೇಲೆ ಸಕ್ಕರೆ ಕಾರ್ಖಾನೆ. ಅಲ್ಲಿ ಭಾವ ನಿಂತಲ್ಲೇ ನಿಂತಿದ್ದರು. ಇಲ್ಲಿ ನಾನು ಬಾಯಲ್ಲೇ ಲಾರಿ ಓಡಿಸಿಕೊಂಡು ಬಂದೆ. ಮಧ್ಯಾಹ್ನ ಒಂದಕ್ಕೆ ಅದು ನಿಜವಾಗಿ ಹೊರಟಿತು. ಮೂರಕ್ಕೆ ನಾನು ಅದನ್ನು ಆಸ್ಪತ್ರೆಯ ಹಿಂದಿನ ಪೆಟ್ರೋಲ್ ಬಂಕಿನವರೆಗೆ ತಂದಿದ್ದೆ. ಅಲ್ಲಿಂದ ಮುಂದೆ ತರಲು ನನ್ನ ಬಳಿ ರಸ್ತೆ ಉಳಿದಿರಲಿಲ್ಲ.

ಅವಳೇ ಹೇಳಿದಳು: "ನಿಲ್ಸಕ್ಕೆ ಜಾಗ ಹುಡುಕ್ತಿರ್ತಾರೆ. ಲಾರಿ ದೊಡ್ಡದಲ್ವಾ."

ಆಮೇಲೆ ಕೇಳಲಿಲ್ಲ.

ಮಾರ್ಚ್ 10, ಮಂಗಳವಾರ

ಮಾತಾಡಿಸಲು ಬಂದವರಿಗೆಲ್ಲ ಭಾವ ಒಂದೇ ಕಥೆ ಹೇಳುತ್ತಾರೆ, ಒಂದಕ್ಷರ ಆಚೀಚೆ ಇಲ್ಲದಂತೆ. "ನಾನೇ ಲೈಟ್ ಆರಿಸ್ದೆ ಮಲಗ್ಬಿಟ್ಟಿದ್ದೆ. ಬ್ಯಾಟರಿ ಕೂತೋಯ್ತು. ಒಂಬತ್ತಕ್ಕೆ ಒಂದು ಬಸ್ಸಿತ್ತು, ಇನ್ನೇನು ಸ್ಟಾರ್ಟ್ ಆಗುತ್ತೆ ಅಂತ ಅದನ್ನೂ ಬಿಟ್ಟೆ." ಲೈಟ್ ಹಾಕಿದ್ದು ನೆನಪಿದೆಯೇ ಎಂದು ಯಾರೋ ಕೇಳಿದರೆ, "ನೆನಪಿಲ್ಲ. ಆದ್ರೆ ಇನ್ನೇನಿರುತ್ತೆ?" ಎನ್ನುತ್ತಾರೆ.

ಜನ ಹೋದ ಮೇಲೆ ನನ್ನನ್ನು ಹಿತ್ತಲ ಬಾಗಿಲ ಹತ್ತಿರ ಕರೆದರು.

"ಅಲ್ಲಿ ಬ್ಯಾಟರಿ ತಂದ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳ್ದ. ಒಂದು ಬ್ಯಾಟರಿ ಪೂರ್ತಿ ಸತ್ತಿದೆ, ಇನ್ನೊಂದು ಗಟ್ಟಿಯಾಗಿದೆ ಅಂತ. ಹಾಗೂ ಆಗುತ್ತೇನೋ?"

ಲೈಟು ಎರಡೂ ಬ್ಯಾಟರಿಯಿಂದ ಸಮವಾಗಿ ಹೀರುತ್ತದೆ. ಲೈಟು ಬಿಟ್ಟಿದ್ದರೆ ಎರಡೂ ಸಾಯಬೇಕು. ಒಂದರಿಂದ ಮಾತ್ರ ಹೀರುವ ವಸ್ತು ಆ ಲಾರಿಯಲ್ಲಿ ಒಂದೇ ಇದೆ, ಸೀಟಿನ ಕೆಳಗೆ.

"ಆಗುತ್ತೆ ಭಾವ. ಹಳೇ ಬ್ಯಾಟರಿ ಅಲ್ವಾ" ಎಂದೆ.

ಮಾರ್ಚ್ 11, ಬುಧವಾರ

ಹಳೇ ಬ್ಯಾಟರಿ, ಹಳೇ ಲಾರಿ,

ಮುಂದಿನ ಸಾಲು ಬರಲಿಲ್ಲ.

ಮಾರ್ಚ್ 16, ಸೋಮವಾರ

ಲಾರಿ ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿ ನಿಂತಿದೆ. ಕೀಲಿ ನನ್ನ ಗೋಡೆಯ ಮೊಳೆಯಲ್ಲಿ. ಭಾವ ದಿನಾ ಬೆಳಿಗ್ಗೆ ಬಂದು ಹಳೆ ಟಯರಿನ ಮೇಲೆ ಕೂರುತ್ತಾರೆ. ಲಾರಿ ಹತ್ತುವುದಿಲ್ಲ. ಲೋಡಿನವರು ಫೋನ್ ಮಾಡಿದರೆ ನನ್ನ ಕೈಗೆ ಕೊಡುತ್ತಾರೆ.

ಅವರಿಗೊಂದು ಹೊಸ ಅಭ್ಯಾಸ ಅಂಟಿಕೊಂಡಿದೆ. ಶೆಡ್ಡಿಗೆ ಯಾವ ಗಾಡಿ ಬಂದರೂ ಎದ್ದು ಹೋಗಿ, "ಲೈಟ್ ಆರಿಸಿದ್ದೀರಾ?" ಎಂದು ಕೇಳುತ್ತಾರೆ. ಆರಿಸಿದ್ದೇವೆ ಎಂದರೂ ನಂಬದೆ ಹತ್ತಿ ನೋಡುತ್ತಾರೆ. ಇವತ್ತು ಹಾಲಿನ ವ್ಯಾನಿನವನು ರೇಗಿದ. "ಯಜಮಾನ್ರೇ, ಹಗಲು ಹನ್ನೊಂದು ಗಂಟೆ! ಲೈಟ್ ಯಾಕೆ ಹಾಕ್ಲಿ?" ಭಾವ ಕೈಮುಗಿದು, "ಒಂದ್ಸಲ ನೋಡ್ಬಿಡಪ್ಪ, ನಿನ್ನ ಗಂಟೇನು ಹೋಗಲ್ಲ" ಎಂದರು. ಅವನು ನೋಡಿದ. ಆರಿತ್ತು. ಭಾವ ವಾಪಸು ಬಂದು ಟಯರಿನ ಮೇಲೆ ಕೂತರು. ಐದು ನಿಮಿಷಕ್ಕೆ ಮತ್ತೆ ಎದ್ದರು.

ನನ್ನ ಹೆಂಡತಿ ಊಟ ಬಡಿಸುತ್ತ, "ನಿಮ್ಮ ಭಾವಂಗೆ ತಲೆ ಕೆಡುತ್ತೆ ರೀ ಹೀಗೇ ಆದ್ರೆ. ನೀವಾದ್ರೂ ಹೇಳಿ, ಲೈಟಿಂದ ಆಗಿದ್ದಲ್ಲ ಅಂತ" ಎಂದಳು.

"ನಂಗೇನು ಗೊತ್ತು?"

"ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಎಲೆಕ್ಟ್ರಿಷಿಯನ್ ನೀವಾ, ನಾನಾ?"

ಸಾರಿಗೆ ಉಪ್ಪು ಕಡಿಮೆ ಎಂದೆ. ಸರಿಯಾಗಿಯೇ ಇತ್ತು.

ಮಾರ್ಚ್ 22, ಭಾನುವಾರ

ಭಾವ ಆಸ್ಪತ್ರೆಯ ಕಾಗದ ತರಲು ಹೋಗಿದ್ದರು. ಶೆಡ್ಡಿಗೆ ರಜೆ. ಒಳಗಿನಿಂದ ಚಿಲಕ ಹಾಕಿದವನಂತೆ ಲಾರಿಯ ಎರಡೂ ಬಾಗಿಲು ಎಳೆದುಕೊಂಡು ಸೀಟು ಎತ್ತಿದೆ.

ನಾನು ಬಿಟ್ಟಂತೆಯೇ ಇತ್ತು. ಎರಡಿಂಚು. ಒಂದು ಕಡೆ ತಿರುಪನ್ನು ಪೂರ್ತಿ ಬಿಗಿ ಮಾಡಿರಲಿಲ್ಲ ಕೂಡ. ದಾರಿಯ ಕುಲುಕಿಗೆ ಬಿದ್ದುಹೋಗಿದ್ದರೆ ಹಾಡು ನಿಲ್ಲುತ್ತಿತ್ತು, ಅಷ್ಟೇ. ಭಾವ ನನಗೆ ಬೈಯುತ್ತಿದ್ದರು, ಅಷ್ಟೇ. ಬೀಳಲಿಲ್ಲ. ನನ್ನ ಅರ್ಧ ಕೆಲಸ ಕೂಡ ಗಟ್ಟಿ.

ಬಿಚ್ಚಿದೆ. ಡ್ಯಾಶ್ ತೆಗೆದು, ಇಳಿಸುವ ಡಬ್ಬಿಯಿಂದ ಎಳೆ ತಂದು, ನೀಲಿಗೆ ಸೇರಿಸಿ, ಟೇಪು ಸುತ್ತಿ, ಮುಚ್ಚಿದೆ. ಕೀಲಿ ತಿರುಗಿಸಿದರೆ ಕೆಂಪು ದೀಪ ಹತ್ತುತ್ತದೆ, ತೆಗೆದರೆ ಆರುತ್ತದೆ. ಗಡಿಯಾರ ನೋಡಿದೆ. ನಲವತ್ತಲ್ಲ, ಮೂವತ್ತೈದೇ ನಿಮಿಷ.

ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ತುಂಡು ವೈರನ್ನು ಗುಜರಿ ಡಬ್ಬಕ್ಕೆ ಹಾಕಬೇಕಿತ್ತು, ಜೇಬಿಗೆ ಹಾಕಿಕೊಂಡು ಬಂದಿದ್ದೇನೆ.

ಮಾರ್ಚ್ 24, ಮಂಗಳವಾರ

ಹೆಂಡತಿ ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿ ವೈರು ಸಿಕ್ಕಿತಂತೆ. ಕೆಲಸದ್ದಿರಬೇಕು ಎಂದು ಒರೆಸಿ ಇವತ್ತಿನ ಅಂಗಿಯ ಜೇಬಿಗೆ ಹಾಕಿದ್ದಾಳೆ. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ಮಾರ್ಚ್ 25, ಬುಧವಾರ

ಇಂದು ಭಾವ ತಾವಾಗಿಯೇ ಮೊಳೆಯಿಂದ ಕೀಲಿ ತೆಗೆದುಕೊಂಡು ಲಾರಿ ಹತ್ತಿದರು. ನಾನು ಬ್ಯಾಟರಿಗಳಿಗೆ ಚಾರ್ಜ್ ಹಾಕಿಟ್ಟಿದ್ದೆ. ಎಡಗಡೆ ಸೀಟಿನಲ್ಲಿ ಕೂರಲು ಮನಸ್ಸಾಗದೆ ಮೆಟ್ಟಿಲ ಮೇಲೇ ನಿಂತೆ. ಸೆಟ್ ಹಾಕಿದರು. ಅರ್ಧ ಹಾಡು ಕೇಳಿದರು. ಕೀಲಿ ತೆಗೆದರು. ಆಮೇಲೆ ಬಗ್ಗಿ ಸೀಟಿನ ಸಂದಿಯನ್ನೇ ನೋಡುತ್ತ ಕೂತರು.

"ಕವಿ, ಇದು ಆರೋಯ್ತಲ್ಲೋ."

"ಕೀಲಿ ತೆಗೆದ್ರೆ ಆರುತ್ತೆ ಭಾವ."

"ಮೊದ್ಲು ಆರ್ತಿರ್ಲಿಲ್ಲ. ಗೋಡೌನ್ ಮುಂದೆ ಮೂರು ರಾತ್ರಿ ಉರೀತಿತ್ತು, ಸಂದೀಲಿ ಕೆಂಪಗೆ. ಒಬ್ನೇ ಮಲಗಿದ್ನಲ್ಲ, ಏನೋ ಒಂದು ಎಚ್ಚರವಾಗಿದೆ ಅನ್ನಿಸ್ತಿತ್ತು. ನಿಮ್ಮಕ್ಕನ ಥರ." ಸೀಟನ್ನು ಒಮ್ಮೆ ತಟ್ಟಿ, "ಕೆಟ್ಟೋಯ್ತಾ? ಮತ್ತೆ ಹಾಗೇ ಮಾಡ್ಕೊಡು. ಅದಿದ್ರೆ ಓಡಿಸ್ತೀನಿ ಅನ್ಸುತ್ತೆ" ಎಂದರು.

ಕೆಟ್ಟುಹೋಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

ಜೇಬಿನಿಂದ ವೈರು ತೆಗೆದು ಅವರ ಅಂಗೈಯಲ್ಲಿಟ್ಟೆ.

"ಇದು ಏನು?"

"ಆ ದೀಪ ಆರದ ಹಾಗೆ ಮಾಡಿದ್ದು ಇದು. ಅವತ್ತು ನೀವು ಅವಸರ ಮಾಡಿದ್ರಿ ಅಂತಲ್ಲ, ನಾನೇ ಬಿಟ್ಟೆ. ನಿಂತಾಗಲೂ ಬ್ಯಾಟರಿ ಹೀರ್ತಿರುತ್ತೆ ಅಂತ ಒಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ. ಒಂದೇ ಬ್ಯಾಟರಿ ಸತ್ತಿತ್ತಲ್ಲ, ಅದಕ್ಕೇ. ಲೈಟ್ ನೀವು ಆರಿಸಿದ್ರಿ ಭಾವ. ನೀವು ಆರಿಸೇ ಮಲಗಿದ್ರಿ."

ಅವರು ವೈರನ್ನು ತಿರುಗಿಸಿ ನೋಡಿದರು. ಇಷ್ಟಕ್ಕೇನಾ ಎನ್ನುವಂತೆ ಅದರ ಉದ್ದಕ್ಕೆ ಹೆಬ್ಬೆರಳಿನ ಉಗುರು ಇಟ್ಟು ಅಳೆದರು. ಇಳಿದರು. ಬಾಗಿಲು ಮುಚ್ಚದೆ, ವೈರನ್ನು ಕೈಯಲ್ಲೇ ಹಿಡಿದುಕೊಂಡು ರಸ್ತೆಯ ಕಡೆ ನಡೆದುಹೋದರು.

ಮಾರ್ಚ್ 28, ಶನಿವಾರ

ಭಾವ ಬಂದಿಲ್ಲ. ಮೂರು ದಿನ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ನಿಮ್ಮ ಜೇಬಿಗೆ ನಾನೇ ಹಾಕಿದ್ನಲ್ಲ" ಎಂದಳು.

ಮಾರ್ಚ್ 31, ಮಂಗಳವಾರ

ಭಾವ ಬಂದರು. ಕೈಯಲ್ಲಿ ಬೂದು ಬಣ್ಣದ ಸಣ್ಣ ಡಬ್ಬ, ಬ್ರಶ್ಶು. ಕವಿ ಎನ್ನಲಿಲ್ಲ. ಟಯರಿನ ಮೇಲೆ ಕೂತು ಕೇಳಿದರು:

"ಅವಳು ನನ್ನ ಕೇಳಿದ್ಲಾ?"

ಇಷ್ಟು ದಿನ ಎಲ್ಲರಿಗೂ ನಿದ್ದೆಯಲ್ಲೇ ಹೋದಳು ಎಂದು ಹೇಳಿದ್ದೆ. ಇಂದು ಸೇತುವೆಯಿಂದ ಶುರುಮಾಡಿ ಒಂದೊಂದೇ ಹೇಳಿದೆ. ಅವರು ದಾರಿಯ ತಪಾಸಣೆ ಮಾಡುವವರ ಹಾಗೆ ಕೇಳಿದರು.

"ಸೇತುವೆಯಿಂದ ಟೋಲಿಗೆ ನಲವತ್ತು ನಿಮಿಷ. ನೀನು ಎಷ್ಟು ಹೇಳ್ದೆ?"

"ಒಂದು ಗಂಟೆ."

"ಅದಕ್ಕೇ ಬೈದಿದ್ದಾಳೆ."

ಕಾರ್ಖಾನೆ ಆಯಿತು, ಪೆಟ್ರೋಲ್ ಬಂಕು ಆಯಿತು. ಜಾಗ ಹುಡುಕುತ್ತಿರಬಹುದು, ಲಾರಿ ದೊಡ್ಡದು ಎಂದಳು ಎಂದೆ. ಭಾವ ಎದ್ದು ಲಾರಿಯ ಹಿಂದೆ ಹೋದರು. ಅಲ್ಲಿ ಎಷ್ಟು ಹೊತ್ತು ನಿಂತರೋ. ನಾನು ಹೋಗಲಿಲ್ಲ.

ಆಮೇಲೆ ಬ್ರಶ್ಶಿನ ಸದ್ದು ಕೇಳಿತು. ಹೋಗಿ ನೋಡಿದರೆ ಎರಡನೇ ಸಾಲಿನ ಮೇಲೆ ಬೂದು ಬಣ್ಣ ಹೊಡೆದಿದ್ದರು. ಮೇಲೆ "ಮೆಲ್ಲಗೆ ಹೋದರೂ ಮನೆ ಸೇರ್ತೀನಿ" ಮಾತ್ರ ಉಳಿದಿತ್ತು.

"ಅಲ್ಲಿಗೆ ಬೇರೆ ಸಾಲು ಬರಿ."

"ಏನು ಬರೀಲಿ ಭಾವ?"

"ಓದಿದೋನು ನೀನಲ್ವಾ?"

ಬಣ್ಣ ಒಣಗಿದ ಮೇಲೆ ಸೀಮೆಸುಣ್ಣ ಹಿಡಿದು ಅದರ ಮುಂದೆ ಒಂದು ಗಂಟೆ ನಿಂತಿದ್ದೆ. ಸೀಮೆಸುಣ್ಣ ಬೆವರಿಗೆ ಮೆತ್ತಗಾಯಿತು.

ಏಪ್ರಿಲ್ 3, ಶುಕ್ರವಾರ

ಬೆಳಿಗ್ಗೆ ಭಾವ ಲೋಡಿಗೆ ಹೊರಟರು. ಎಡಗಡೆ ಸೀಟಿನ ಮೇಲೆ ನೀರಿನ ಬಾಟಲಿ, ಒಂದು ದಿಂಬು. ಸೀಟು ಎತ್ತಿ ಇನ್ನೊಮ್ಮೆ ನೋಡಲೇ ಎಂದೆ. ಬೇಡ ಎಂದು ತಲೆಯಾಡಿಸಿದರು. ಹಾಡು ಹಾಕಿಕೊಂಡು ಹೋದರು, ಮೊದಲಿನಷ್ಟು ಜೋರಾಗಿಯಲ್ಲ.

ಹನ್ನೊಂದೂವರೆಗೆ ಫೋನು.

"ನಿಲ್ಸಿದೀನಿ. ಕೀಲಿ ತೆಗ್ದಿದೀನಿ. ಆರಿದೆ."

"ಸರಿ ಭಾವ."

ಇಟ್ಟರು. ಮೂರಕ್ಕೆ ಮತ್ತೆ. "ಆರಿದೆ." "ಸರಿ ಭಾವ."

ಏಪ್ರಿಲ್ 4, ಶನಿವಾರ

ಎಂಟಕ್ಕೆ. ಹನ್ನೆರಡಕ್ಕೆ. ನಾಲ್ಕಕ್ಕೆ. "ಆರಿದೆ." "ಸರಿ ಭಾವ."

ಏಪ್ರಿಲ್ 6, ಸೋಮವಾರ

ನಿನ್ನೆ ನಾಲ್ಕು ಸಲ. ಇಂದು ಮಧ್ಯಾಹ್ನದವರೆಗೆ ಎರಡು. ಹೆಂಡತಿ, "ಶಿಕ್ಷೆನಾ ಇದು?" ಎಂದಳು. ನನಗೆ ಗೊತ್ತಿಲ್ಲ. ಫೋನನ್ನು ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ, ಸದ್ದು ಕೇಳದೆ ಹೋದೀತು ಎಂದು.

ಏಪ್ರಿಲ್ 9, ಗುರುವಾರ

ಹನ್ನೊಂದಕ್ಕೆ ಫೋನು. "ಆರಿದೆ" ಎಂದರು. "ಸರಿ ಭಾವ" ಎಂದೆ. ಇಡಲಿಲ್ಲ. ಆ ಕಡೆ ಯಾವುದೋ ದೊಡ್ಡ ಗಾಡಿ ಹಾದುಹೋದ ಸದ್ದು.

"ಇದ್ದೀಯೇನೋ?"

"ಇದ್ದೀನಿ ಭಾವ."

"ಆ ಸಾಲು ಸಿಕ್ತಾ?"

"ಇಲ್ಲ."

"ಹಿಂದೆ ಬರೋರು ಕೇಳ್ತಾರೆ, ಯಾಕೆ ಅರ್ಧಕ್ಕೇ ನಿಲ್ಸಿದ್ದೀರಾ ಅಂತ."

"ಏನಂತೀರಿ?"

"ನಮ್ಮ ಭಾಮೈದ ಬರೀತಾನೆ, ಇನ್ನೂ ಬರೀತಿದಾನೆ ಅಂತೀನಿ." ಇಟ್ಟರು.

ಇಂದು ಶೆಡ್ಡಿಗೆ ಮೂರು ಗಾಡಿ ಬಂದವು. ಒಂದು ಹಾಲಿನ ವ್ಯಾನು, ಎರಡು ಲಾರಿ. ಲೈಟ್ ಆರಿಸಿದ್ದೀರಾ ಎಂದು ಕೇಳಿದೆ. ಆರಿಸಿದ್ದೇವೆ ಎಂದರು. ಹತ್ತಿ ನೋಡಿದೆ. ಮೂರರಲ್ಲೂ ಆರಿತ್ತು.